ಫಹಾಹೀಲಿನ ಐಸಿನ ಮೇಲೆ

ಫಿದಾ ಕೀಲಿಕೈಯನ್ನು ಮೇಜಿನ ಮೇಲೆ ಇಡಲಿಲ್ಲ. ಬ್ಯಾಗಿನಿಂದ ತೆಗೆದು ಅಪ್ಪನಿಗೂ ಡೆನಿಸ್‌ಗೂ ಒಮ್ಮೆ ತೋರಿಸಿ, ಮತ್ತೆ ಬ್ಯಾಗಿಗೇ ಹಾಕಿ ಜಿಪ್ ಎಳೆದಳು.

“ಗಾಡಿ ತಿರುಗುತ್ತದೆ ಅಂತ ಡೆನಿಸ್ ನನಗೆ ಹೇಳಬೇಕು. ಅಪ್ಪ ಹೇಳಿದರೆ ಸಾಲದು. ಹೋದ ವರ್ಷವೂ ಅವರು ಹೇಳಿದ್ದರು.”

ಅಬು ಮಿಶಾರಿ ಕುರ್ಚಿಯಲ್ಲಿ ಕುಳಿತು ಮಗಳ ಮಾತು ಕೇಳಿಸದವನಂತೆ ಜಪಮಣಿ ಎಣಿಸುತ್ತಿದ್ದ. ಎಡಗೈಯಲ್ಲಿ ಎಣಿಸುತ್ತಿದ್ದ. ಬಲಗೈ ಮಡಿಲಲ್ಲಿತ್ತು.

ಕುವೈತಿನ ಶುವೈಖ್‌ನಲ್ಲಿ ಡೆನಿಸ್ ಮೆಕ್ಯಾನಿಕ್ ಆಗಿದ್ದ ಆ ವರ್ಕ್‌ಶಾಪಿನಲ್ಲಿ ರಿಪೇರಿಗೆ ಬಂದ ಜೆಟ್‌ಸ್ಕೀಗಳೂ ಮರಳಿನಲ್ಲಿ ಓಡಿಸುವ ಬಗ್ಗಿಗಳೂ ಸಾಲಾಗಿ ನಿಂತಿದ್ದವು. ಮೂವರೂ ಮಾತಾಡುತ್ತಿದ್ದ ಗಾಡಿ ಅಲ್ಲಿರಲಿಲ್ಲ. ಅದೊಂದು ಸ್ನೋಮೊಬೈಲ್, ಮುಂದೆ ಎರಡು ಸ್ಕೀ ಹಲಗೆಗಳ ಮೇಲೆ, ಹಿಂದೆ ಉರುಳುವ ರಬ್ಬರ್ ಪಟ್ಟಿಯ ಮೇಲೆ ಹಿಮದಲ್ಲಿ ಓಡುವ ಗಾಡಿ; ಜಾರ್ಜಿಯಾದ ಬೆಟ್ಟವೊಂದರಲ್ಲಿ, ಅಬು ಮಿಶಾರಿ ಚಳಿಗಾಲಕ್ಕೆಂದು ಕಟ್ಟಿಸಿದ ಮರದ ಮನೆಯ ಶೆಡ್ಡಿನಲ್ಲಿತ್ತು. ಹಿಂದಿನ ಚಳಿಗಾಲದಲ್ಲಿ ಮನೆಯ ಕೆಳಗಿನ ತಿರುವಿನಲ್ಲಿ ಅವನು ಹ್ಯಾಂಡಲ್ ತಿರುಗಿಸಿದ್ದ, ಮುಂದಿನ ಎರಡು ಸ್ಕೀಗಳೂ ತಿರುಗಿದ್ದವು, ಗಾಡಿ ಮಾತ್ರ ನೆಟ್ಟಗೆ ಹೋಗಿ ಸೌದೆಯ ರಾಶಿಗೆ ಹೊಡೆದಿತ್ತು. ಬಲ ಮಣಿಕಟ್ಟು ಮುರಿದಿತ್ತು. ಅವನಿಗೆ ಅರವತ್ತೆಂಟು. ಫಿದಾ ಅಂದೇ ಕೀಲಿಕೈ ತೆಗೆದಿಟ್ಟುಕೊಂಡಳು.

ಶುವೈಖ್‌ಗೆ ಬಂದದ್ದು ಗಾಡಿಯ ಅಂಗಾಲು ಮಾತ್ರ. ಸ್ಕೀಯ ತಳಕ್ಕೆ ಉದ್ದಕ್ಕೂ ಒಂದು ಉಕ್ಕಿನ ಸರಳು ಬಿಗಿದಿರುತ್ತದೆ. ರನ್ನರ್ ಎನ್ನುತ್ತಾರೆ. ಅದರ ನಡುವೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡಿನ ಚೂಪು ಏಣು ಕೂರಿಸಿರುತ್ತಾರೆ. ಗಟ್ಟಿಯಾದ ಹಿಮದ ಮೇಲೆ, ಐಸಿನ ಮೇಲೆ ಸ್ಕೀಗೆ ಹಿಡಿತ ಸಿಗುವುದು ಈ ಏಣಿನಿಂದ. ಅಬು ಮಿಶಾರಿಯ ಹಳೆಯ ರನ್ನರ್‌ಗಳಲ್ಲಿ ಏಣು ಸವೆದು, ಬೆರಳಿಟ್ಟರೆ ಚಮಚದ ಹಿಡಿಯಂತೆ ನುಣ್ಣಗಿತ್ತು.

“ಹಿಮದ ಮೇಲೆ ಓಡಿಸಿದರೆ ಇಷ್ಟು ಸವೆಯುವುದಿಲ್ಲ,” ಎಂದು ಡೆನಿಸ್ ತಾನು ಓದಿದ್ದನ್ನು ಹೇಳಿದ. “ಟಾರು ರಸ್ತೆಯ ಮೇಲೆ ಹೋಗಿದ್ದೀರಾ?”

ಅಬು ಮಿಶಾರಿ ಜಪಮಣಿ ನಿಲ್ಲಿಸಿದ. “ಬ್ರೆಡ್ಡಿನ ಅಂಗಡಿ ರಸ್ತೆಯ ಆಚೆ ಇದೆ.”

“ಯಾ ಅಲ್ಲಾ!” ಎಂದಳು ಫಿದಾ. “ದಿನಾ ಬ್ರೆಡ್ಡಿಗೆ ಇದರ ಮೇಲೆ ಹೋಗುತ್ತಿದ್ದಿರಾ?”

“ಬಿಸಿ ಬ್ರೆಡ್ಡು,” ಎಂದ ಅಬು ಮಿಶಾರಿ, ಅದೇ ದೊಡ್ಡ ಸಮರ್ಥನೆ ಎಂಬಂತೆ.

ದುಬೈನ ಡೀಲರ್ ಎರಡು ಜೊತೆ ಕಳಿಸಿದ್ದ. ಒಂದರಲ್ಲಿ ಕಾರ್ಬೈಡಿನ ಉದ್ದ ನಾಲ್ಕು ಇಂಚು, ಇನ್ನೊಂದರಲ್ಲಿ ಆರು. ಎಂಟು ಇಂಚಿನದೂ ಇತ್ತು. ಆದರೆ ಗಾಡಿಯ ಹಿಂದಿನ ಪಟ್ಟಿಗೆ ಮೊಳೆ ಹೊಡೆದಿಲ್ಲ, ಮುಂಭಾಗ ಅಷ್ಟೊಂದು ಕಚ್ಚಿದರೆ ಹಿಂಭಾಗ ಬೀಸಿ ಬರುತ್ತದೆ ಎಂದು ಅವನೇ ಬೇಡವೆಂದಿದ್ದ. ಉಳಿದ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಡೆನಿಸ್ ನಾಲ್ಕು ಇಂಚಿನದನ್ನು ಕೈಗೆತ್ತಿಕೊಂಡ. ಕುವೈತಿಗೆ ಬರುವ ಮೊದಲು ಅವನು ಮಲ್ಪೆಯಲ್ಲಿ ಬೋಟು ಕಟ್ಟುವಲ್ಲಿ ಕೆಲಸ ಮಾಡಿದ್ದ. ಬೋಟಿನ ತಳದಲ್ಲಿ ಉದ್ದಕ್ಕೆ ಇರುವ ಮರ ಎಷ್ಟು ಉದ್ದವೋ ಬೋಟು ಅಷ್ಟು ನೆಟ್ಟಗೆ ಹೋಗುತ್ತದೆ, ತಿರುಗಿಸುವುದು ಅಷ್ಟೇ ಕಷ್ಟ. ಚುರುಕಾಗಿ ತಿರುಗಬೇಕಾದರೆ ತಳ ಗಿಡ್ಡವಿರಬೇಕು. ಅದನ್ನೇ ಅವನು ಅಬು ಮಿಶಾರಿಗೆ ಹೇಳಿದ. ಅಬು ಮಿಶಾರಿಯ ಮುಖ ಅರಳಿತು. ಅವನ ಅಜ್ಜ ಹಾಯಿ ಹಡಗಿನಲ್ಲಿ ಮರ ತರಲು ಕಲ್ಲಿಕೋಟೆಗೆ ಹೋಗುತ್ತಿದ್ದವನು.

“ನೋಡಿದೆಯಾ?” ಎಂದ ಮಗಳಿಗೆ. “ಸಮುದ್ರದ ಮಂದಿ. ಹೇಳಿಕೊಡಬೇಕಾಗಿಲ್ಲ. ಗಿಡ್ಡದ್ದೇ ಸರಿ. ಖಲಾಸ್.”

ಫಿದಾ ಡೆನಿಸ್‌ನ ಕಡೆ ತಿರುಗಿದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಕಾಯುವ ಅಭ್ಯಾಸವಿತ್ತು. “ನೀವು ಹಿಮದ ಮೇಲೆ ಗಾಡಿ ಓಡಿಸಿದ್ದೀರಾ?”

“ಇಲ್ಲ.”

“ಹಿಮ ನೋಡಿದ್ದೀರಾ?”

“ಇಲ್ಲ.”

“ಹಾಗಾದರೆ ಇದು ತಿರುಗುತ್ತದೆ ಅಂತ ನಿಮಗೆ ಹೇಗೆ ಗೊತ್ತು?”

ಇಪ್ಪತ್ತಾರು ವರ್ಷಗಳಿಂದ ಈ ಅಂಗಡಿಯಲ್ಲಿ ಅಂಥ ಪ್ರಶ್ನೆಗಳಿಗೆಲ್ಲ ಡೆನಿಸ್‌ನ ಬಳಿ ಒಂದೇ ಉತ್ತರವಿತ್ತು: ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ. ಗಿರಾಕಿಗೂ ಅದೇ ಬೇಕಿರುತ್ತದೆ, ವೀಸಾಕ್ಕೆ ಹೊಣೆ ನಿಂತ ಕಫೀಲನಿಗೂ ಅದೇ. ಆ ಮಾತು ಈಗಲೂ ನಾಲಗೆಯ ತುದಿಗೆ ಬಂದಿತ್ತು. ಅಬು ಮಿಶಾರಿಯೇ ಅಂಗಡಿಯ ಯಜಮಾನ, ಅವನೇ ಕಫೀಲ್, ಅವನು ಕಣ್ಣಲ್ಲೇ ‘ಹೇಳಿಬಿಡು’ ಎನ್ನುತ್ತಿದ್ದ. ಡೆನಿಸ್ ಅವನ ಮಡಿಲಲ್ಲಿದ್ದ ಬಲಗೈಯನ್ನು ನೋಡಿದ.

“ಗೊತ್ತಿಲ್ಲ,” ಎಂದ. “ಎರಡು ದಿನ ಕೊಡಿ.”

ಅಬು ಮಿಶಾರಿ ಎದ್ದು ಬಗ್ಗಿಗಳ ಕಡೆ ನಡೆದುಬಿಟ್ಟ.

*

“ಅವರ ಮುಖ ನೀನು ನೋಡ್ಬೇಕಿತ್ತು. ಮಗು ಕೈಯಿಂದ ಆಟದ ಸಾಮಾನು ಕಸಿದ ಹಾಗೆ ಆಯ್ತು,” ಎಂದ ಡೆನಿಸ್ ಅಬ್ಬಾಸಿಯಾದ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮುಂದೆ ಕುಳಿತು.

ಹೆಂಡತಿ ಐವಿ ಫಿಸಿಯೊಥೆರಪಿಸ್ಟ್. ಹವಲ್ಲಿಯ ಕ್ಲಿನಿಕ್ಕಿನಲ್ಲಿ ಕೆಲಸ. ಅಬು ಮಿಶಾರಿಯ ಮಣಿಕಟ್ಟಿಗೆ ವ್ಯಾಯಾಮ ಮಾಡಿಸುತ್ತಿದ್ದವಳೂ ಅವಳೇ; ಗಂಡನ ಮಾತಿನ ಮೇಲೆ ಅವನು ಅವಳ ಹತ್ತಿರ ಬರುತ್ತಿದ್ದ.

“ನಿನ್ನ ಬಾಯಲ್ಲಿ ಗೊತ್ತಿಲ್ಲ ಅಂತ ಬಂತಾ? ಕ್ಯಾಲೆಂಡರಿನಲ್ಲಿ ಗುರುತು ಹಾಕ್ಬೇಕು,” ಎಂದಳು. “ನಮ್ಮ ಮದುವೆ ದಿನ ಇಗರ್ಜಿಯಲ್ಲಿ ಪಾದ್ರಿ ಕೇಳಿದಾಗ್ಲೂ ನೀನು ಹೌದು ಅನ್ಲಿಲ್ಲ, ಏನೂ ತೊಂದ್ರೆ ಇಲ್ಲ ಅಂದವ.”

“ಅದು ಸುಳ್ಳು.”

“ಮುಖ ಹಾಗೇ ಇತ್ತು.” ಅವಳು ಸಾರು ಬಡಿಸಿದಳು. “ಅವರು ಹೋಗ್ಲೇಬೇಕು ಡೆನ್ನಿ. ಕ್ಲಿನಿಕ್ಕಿನಲ್ಲಿ ಕೂತು ಇಡೀ ಹೊತ್ತು ಆ ಬೆಟ್ಟದ್ದೇ ಮಾತು. ಹೆಂಡ್ತಿ ತೀರಿದ ಮೇಲೆ ಮನೆಯಲ್ಲಿ ಎಲ್ಲರೂ ಅವರನ್ನು ಹಿಡಿದು ಕೂರಿಸುವವರೇ. ಅಲ್ಲಿ ಮಾತ್ರ ಒಬ್ಬರೇ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು ಅಂತಾರೆ. ಆದ್ರೆ ನಲ್ಲಿ ತಿರುಗಿಸುವಷ್ಟು ಶಕ್ತಿ ಉಂಟು, ಒದ್ದೆ ಟವೆಲ್ ಹಿಂಡುವಷ್ಟು ಇಲ್ಲ. ಹ್ಯಾಂಡಲ್ ಭಾರ ಆದ್ರೆ ಕಷ್ಟ.”

“ಗಿಡ್ಡ ರನ್ನರ್ ಹಾಕಿದ್ರೆ ಹಗುರ ಇರ್ತದೆ.”

“ತಿರುಗ್ತದಾ?”

“ಬೋಟಾದ್ರೆ ತಿರುಗ್ತದೆ.”

“ಅದು ಬೋಟಾ?”

ಡೆನಿಸ್ ತುತ್ತು ಕಲಸುತ್ತಾ ಕುಳಿತ. ಹಿಮ ಎಲ್ಲಿ ಸಿಗುತ್ತದೆ, ಕುವೈತಿನಲ್ಲಿ? ಐಸ್ ಸ್ಕೇಟಿಂಗ್ ಮಾಡುವಲ್ಲಿ ಇಂಥ ಚೂಪು ಕಬ್ಬಿಣ ಇಡಲು ಬಿಡುವುದಿಲ್ಲ.

“ಫ್ರಿಜ್ಜಿನಲ್ಲಿ ಮೀನು ಖಾಲಿ ಆಯ್ತು,” ಎಂದಳು ಐವಿ. “ನಾಳೆ ಫಹಾಹೀಲಿಗೆ ಹೋದ್ರೆ ಅಂಜಲ್ ತಾ. ಮುತ್ತಲಿಬ್‌ನ ಹತ್ರ. ಹೋದ ಸಲದ ಹಾಗೆ ಐಸನ್ನೇ ತೂಕ ಮಾಡಿ ಕೊಡ್ಬೇಡಿ ಅಂತ ಹೇಳು.”

ಡೆನಿಸ್‌ನ ಕೈ ತಟ್ಟೆಯಲ್ಲೇ ನಿಂತಿತು.

*

ಮುತ್ತಲಿಬ್ ಉಳ್ಳಾಲದವನು. ಫಹಾಹೀಲಿನ ಮೀನು ಮಾರ್ಕೆಟ್ಟಿನಲ್ಲಿ ಅವನ ಕಟ್ಟೆ ಹಿಂದಿನ ಬಾಗಿಲ ಹತ್ತಿರವಿತ್ತು. ಮಧ್ಯಾಹ್ನದ ಹರಾಜು ಮುಗಿದು ಜನ ಕಡಿಮೆಯಾಗಿದ್ದರು. ಅವನು ಉಳಿದ ಹಮೂರ್ ಮೀನುಗಳ ಮೇಲೆ ಐಸು ಪುಡಿ ಎರಚುತ್ತಿದ್ದಾಗ ಡೆನಿಸ್ ಒಂದು ಹಲಗೆ, ಕಬ್ಬಿಣದ ಸರಳುಗಳು, ಕಡಲಿನಲ್ಲಿ ಮುಳುಗು ಹಾಕುವವರು ಸೊಂಟಕ್ಕೆ ಕಟ್ಟುವ ಸೀಸದ ಬಿಲ್ಲೆಗಳು ಎಲ್ಲವನ್ನೂ ಹೊತ್ತು ಬಂದ.

“ಎಂತ ಪೊರ್ಬುಗಳೇ, ನೀವೂ ಅಂಗಡಿ ಹಾಕ್ಲಿಕ್ಕೆ ಬಂದದ್ದಾ?” ಎಂದ ಮುತ್ತಲಿಬ್, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ.

“ಒಂದು ದೊಡ್ಡ ಐಸ್ ಬೇಕು ಬ್ಯಾರಿಗಳೇ. ಪುಡಿ ಅಲ್ಲ, ಇಡೀ ಗಟ್ಟಿ.”

“ಎಂತಕ್ಕೆ?”

“ಇದನ್ನು ಅದರ ಮೇಲೆ ಎಳೀಲಿಕ್ಕೆ.”

ಮುತ್ತಲಿಬ್ ಹಲಗೆಯನ್ನೂ ಅವನನ್ನೂ ನೋಡಿದ. “ಬಿಸಿಲು ಇಲ್ಲದ ದಿನಗಳಲ್ಲೂ ಮರ್ಲ್ ಹಿಡೀತದಾ ಮಾರಾಯ್ರೆ?” ಎಂದ. ಆದರೂ ಒಳಗೆ ಹೋಗಿ, ಇಬ್ಬರು ಬಂಗಾಲಿಗಳಿಂದ ಮಂಚದ ಅರ್ಧದಷ್ಟು ಉದ್ದದ ಐಸಿನ ಗಟ್ಟಿಯೊಂದನ್ನು ಎಳೆಸಿ ತಂದು ನೆಲದ ಮೇಲೆ ಹಾಕಿಸಿದ.

ಡೆನಿಸ್ ಹಲಗೆಯ ಕೆಳಗೆ ಮೊದಲು ಸವೆದ ರನ್ನರ್ ಬಿಗಿದ. ಮೇಲೆ ಸೀಸ ಹೇರಿದ. ಮುತ್ತಲಿಬ್‌ನ ಕೊಕ್ಕೆ ತಕ್ಕಡಿಯನ್ನು ಹಲಗೆಯ ಪಕ್ಕಕ್ಕೆ ಸಿಕ್ಕಿಸಿ ಅಡ್ಡಕ್ಕೆ ಎಳೆದ. ತಕ್ಕಡಿಯ ಮುಳ್ಳು ಎದ್ದಿತೋ ಇಲ್ಲವೋ, ಹಲಗೆ ಐಸಿನಿಂದ ಜಾರಿ ಮುತ್ತಲಿಬ್‌ನ ಬೂಟಿಗೆ ಬಡಿಯಿತು.

“ಕಾಲು ಮುರಿದ್ರೆ ನಿಮ್ಮ ಐವಿ ಬಾಯಿಯವರು ಫ್ರೀಯಾಗಿ ಸರಿ ಮಾಡ್ತಾರಾ?”

ಎರಡನೆಯದು ನಾಲ್ಕು ಇಂಚಿನದು. ಹೊಸದು, ಚೂಪು. ಇದು ಹಿಡಿಯುತ್ತದೆ ಎಂದು ಡೆನಿಸ್‌ಗೆ ಖಾತ್ರಿಯಿತ್ತು. ಎಳೆದ. ಮುಳ್ಳು ಸ್ವಲ್ಪ ಮೇಲೇರಿತು, ಐಸಿನ ಮೇಲೆ ಸಣ್ಣ ಗೀರು ಬಿತ್ತು, ಹಲಗೆ ಮತ್ತೆ ಅಡ್ಡಕ್ಕೆ ಜಾರಿತು. ಇನ್ನೊಮ್ಮೆ ಎಳೆದ. ಅದೇ ಆಯಿತು. ಬಿಗಿತ ಸಡಿಲವಿರಬಹುದೆಂದು ನಟ್ಟುಗಳನ್ನು ಬಿಗಿದು ಮೂರನೆಯ ಸಲ ಎಳೆದ. ಆಗಲೂ ಜಾರಿತು.

ಆರು ಇಂಚಿನದನ್ನು ಹಾಕಿದಾಗ ಹಲಗೆ ಕದಲಲಿಲ್ಲ. ಅವನು ಎರಡೂ ಕೈಯಲ್ಲಿ ತಕ್ಕಡಿ ಹಿಡಿದು, ಕಾಲು ಊರಿ, ಹಿಂದಕ್ಕೆ ಬಾಗಿದ. ಮುಳ್ಳು ಏರುತ್ತಾ ಹೋಯಿತು. ಏಣಿನ ಬುಡದಲ್ಲಿ ಐಸು ಬಿಳಿ ಪುಡಿಯಾಗಿ ಎದ್ದಿತು. ಕೊನೆಗೆ ಹಲಗೆ ಬಿಟ್ಟುಕೊಂಡಾಗ ಅವನು ಹಮೂರ್‌ಗಳ ಬುಟ್ಟಿಯ ಮೇಲೆ ಕುಳಿತಿದ್ದ.

ನಗು ನಿಂತ ಮೇಲೆ ಅವನು ಎದ್ದು ಐಸಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಬೋಟಿಗೆ ನೀರು ಎರಡೂ ಪಕ್ಕ ಒತ್ತಿ ಹಿಡಿದಿರುತ್ತದೆ, ಚುಕ್ಕಾಣಿ ತಿರುಗಿಸಿದರೆ ಅದಕ್ಕೆ ತಾಗಲು ನೀರಿದೆ. ಇಲ್ಲಿ ಸ್ಕೀಗೆ ತಾಗಲು ಏನೂ ಇಲ್ಲ. ಏಣು ಕಚ್ಚದಿದ್ದರೆ ಹ್ಯಾಂಡಲ್ ತಿರುಗಿಸಿದ್ದು ಹ್ಯಾಂಡಲಿಗಷ್ಟೇ ಗೊತ್ತು. ಗಾಡಿ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತದೆ. ಮಲ್ಪೆಯವನೂ ಕುವೈತಿನವನೂ ಸೇರಿ ಬೆಟ್ಟದ ಗಾಡಿಯನ್ನು ಕಡಲಿಗೆ ಇಳಿಸಿದ್ದರು. ಫಿದಾ ಸುಮ್ಮನಿದ್ದಿದ್ದರೆ ನಾಲ್ಕು ಇಂಚಿನದು ಈಗ ವಿಮಾನದಲ್ಲಿರುತ್ತಿತ್ತು.

ಅವನು ಅಬು ಮಿಶಾರಿಗೆ ಫೋನು ಮಾಡಿದ.

*

ಅವರ ಮನೆ ಅಲ್ಲಿಂದ ಬಹಳ ದೂರವಿರಲಿಲ್ಲ. ಮಗಳೇ ಕಾರು ಓಡಿಸಿಕೊಂಡು ಕರೆತಂದಳು. ಅಬು ಮಿಶಾರಿ ಬಿಳಿ ನಿಲುವಂಗಿ ದಿಶ್‌ದಾಶಾದ ಅಂಚನ್ನು ಒದ್ದೆ ನೆಲದಿಂದ ಎತ್ತಿ ಹಿಡಿದು ಬಂದ. ಐಸು, ಹಲಗೆ, ಸೀಸ, ಸುತ್ತ ನಿಂತ ಮೀನಿನವರು, ಎಲ್ಲವನ್ನೂ ನೋಡಿ, “ಇದೇನು, ಮದುವೆಯಾ?” ಎಂದ.

ಡೆನಿಸ್ ಎರಡನ್ನೂ ಎಳೆದು ತೋರಿಸಿದ. ಅಬು ಮಿಶಾರಿ ಎರಡು ಸಲ ಮತ್ತೆ ಎಳೆಸಿದ. ಆಮೇಲೆ ಗಡ್ಡ ಸವರಿಕೊಂಡ.

“ನಮ್ಮಜ್ಜ ಐಸು ನೋಡಿರಲಿಲ್ಲ,” ಎಂದ.

“ನಮ್ಮ ಮಲ್ಪೆಯಲ್ಲಿ ಮೀನಿಗೆ ಹಾಕ್ತಾರೆ. ಆದರೂ ನನಗೆ ಹೊಳೆಯಲಿಲ್ಲ.”

“ಸರಿ. ಉದ್ದದ್ದು ಹಾಕು. ಯಲ್ಲಾ, ಮುಗಿಯಿತಲ್ಲ?”

“ಮುಗಿಯಲಿಲ್ಲ.” ಹಲಗೆಯ ಮೇಲೆ ಅಡ್ಡಕ್ಕೆ ಒಂದು ಪೈಪು ಬಿಗಿದಿದ್ದ ಡೆನಿಸ್. “ಇದನ್ನು ಹ್ಯಾಂಡಲ್ ಅಂತ ತಿಳಿದು ತಿರುಗಿಸಿ.”

ಅಬು ಮಿಶಾರಿ ಬಾಗಿ ಪೈಪು ಹಿಡಿದ. ಎಡಕ್ಕೆ ತಿರುಗಿಸಿದ, ಹಲಗೆ ಕರ್ ಎಂದು ಸದ್ದು ಮಾಡಿ ಸ್ವಲ್ಪ ತಿರುಗಿತು. ಬಲಕ್ಕೆ ತಿರುಗಿಸಿದಾಗ ಹಲಗೆ ಕೂದಲೆಳೆಯಷ್ಟು ಕದಲಿತು. ಅವನು ಹಲ್ಲು ಕಚ್ಚಿದ. ಪೈಪು ಅಲ್ಲೇ ನಿಂತಿತು, ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮೀನಿನವರು ತಮ್ಮ ತಮ್ಮ ಕಟ್ಟೆಗಳ ಕಡೆ ತಿರುಗಿ ಕೆಲಸ ಹುಡುಕಿಕೊಂಡರು.

“ಹಾಗಾದರೆ ಇಲ್ಲ,” ಎಂದಳು ಫಿದಾ. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. “ಹಗುರವಾದದ್ದು ತಿರುಗುವುದಿಲ್ಲ. ತಿರುಗುವುದನ್ನು ಅಪ್ಪನಿಗೆ ತಿರುಗಿಸಲು ಆಗುವುದಿಲ್ಲ. ಗಾಡಿ ಮಾರೋಣ ಬಾಬಾ.”

ಅಬು ಮಿಶಾರಿ ಐಸನ್ನೇ ನೋಡುತ್ತಿದ್ದ.

ಡೆನಿಸ್ ಫೋನು ತೆಗೆದು ಐವಿಯನ್ನು ಕರೆದು, ಸ್ಪೀಕರಿಗೆ ಹಾಕಿ, ಹಲಗೆಯ ಮೇಲಿಟ್ಟ. ಕಂಡದ್ದನ್ನೆಲ್ಲ ಹೇಳಿದ.

“ಎಷ್ಟು ತಿರುಗಿತು?” ಎಂದಳು ಐವಿ ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯಲೆಂದು.

“ಎಡಕ್ಕೆ ಪರವಾಗಿಲ್ಲ. ಬಲಕ್ಕೆ ಶುರುವಾಗಿ ನಿಂತಿತು.”

“ಶುರುವಾಯ್ತಲ್ಲ. ಅಬು ಮಿಶಾರಿ, ಕ್ಲಿನಿಕ್ಕಿನಲ್ಲಿ ನಾನು ಕೊಟ್ಟ ರಬ್ಬರ್ ಚೆಂಡು ಮನೆಯಲ್ಲಿ ಒತ್ತುತ್ತೀರಾ?”

ಅಬು ಮಿಶಾರಿ ಫೋನಿನ ಕಡೆ ನೋಡಲಿಲ್ಲ. “ಚೆಂಡು ಮಕ್ಕಳಿಗೆ.”

“ಗೊತ್ತಿತ್ತು. ಯಾವಾಗ ಹೊರಡುವುದು ಅಂದುಕೊಂಡಿದ್ದಿರಿ?”

“ಜನವರಿ ಮೊದಲ ವಾರ.”

“ಅಲ್ಲಿ ಹಿಮ ಯಾವಾಗಿನವರೆಗೆ ಇರುತ್ತದೆ?”

“ಮಾರ್ಚ್‌ವರೆಗೂ ಇರುತ್ತದೆ.”

“ಹಾಗಾದರೆ ಅವಸರ ಯಾರಿಗೆ? ಕಬ್ಬಿಣ ಬದಲಾಯಿಸಬೇಡಿ, ಕೈ ಬದಲಾಗಲಿ. ದಿನಾ ಅದೇ ಹಲಗೆ ತಿರುಗಿಸಿ. ಮೊದಲು ಸೀಸ ಕಡಿಮೆ ಹಾಕಿ. ಜಗ್ಗಿ ಎಳೆಯಬಾರದು, ನಿಧಾನ. ನೋವು ಬಂದರೆ ನಿಲ್ಲಿಸಬೇಕು. ಶುಕ್ರವಾರ ನಾನೇ ಬಂದು ನೋಡುತ್ತೇನೆ.” ಸ್ವಲ್ಪ ಬಿಟ್ಟು ಅವಳು ತಮ್ಮ ಊರ ಭಾಷೆಗೆ ಬಂದಳು. “ಡೆನ್ನಿ, ಅಂಜಲ್ ತಕೊಂಡ್ಯಾ?”

“ದಿನಾ ಐಸು?” ಎಂದ ಮುತ್ತಲಿಬ್ ಡೆನಿಸ್‌ನ ಕಿವಿಯಲ್ಲಿ. “ನನ್ನ ಕಟ್ಟೆಯಲ್ಲಿ? ಇಲ್ಲಿ ಆಸ್ಪತ್ರೆ ಬೋರ್ಡು ಹಾಕ್ಬೇಕಾದೀತು ಪೊರ್ಬುಗಳೇ.”

ಅಬು ಮಿಶಾರಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ಎಡಗೈಯಿಂದ ಮುತ್ತಲಿಬ್‌ನ ಹೆಗಲು ತಟ್ಟಿ, “ನಾಳೆ ಇದೇ ಹೊತ್ತಿಗೆ,” ಎಂದ.

*

ಮೊದಲ ವಾರ ಇಡೀ ಮಾರ್ಕೆಟ್ಟು ನೋಡಲು ಬಂತು. ಎರಡನೆಯ ವಾರ ಯಾರೂ ಬರಲಿಲ್ಲ. ಅದೂ ಮಾರ್ಕೆಟ್ಟಿನ ಒಂದು ಕೆಲಸವಾಯಿತು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅಬು ಮಿಶಾರಿ ಬರುತ್ತಿದ್ದ, ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕುಳಿತು ಹಲಗೆ ತಿರುಗಿಸುತ್ತಿದ್ದ, ಎಡಕ್ಕೆ, ಬಲಕ್ಕೆ. ಕೆಲವು ದಿನ ಸಿಟ್ಟು ಬಂದು ಅರ್ಧಕ್ಕೇ ಎದ್ದು ಹೋದ. ಒಮ್ಮೆ ಮೂರು ದಿನ ಬರಲೇ ಇಲ್ಲ. ಮುತ್ತಲಿಬ್ ಅವನಿಗೆ ಫೋನು ಮಾಡಿ, ತನಗೆ ಬರುವಷ್ಟು ಅರಬಿಯಲ್ಲಿ, “ಬಾಬಾ, ಐಸು ಕರಗುತ್ತಿದೆ, ಕಾಯುವುದಿಲ್ಲ,” ಎಂದ. ನಾಲ್ಕನೆಯ ದಿನ ಬಂದ.

ಐವಿ ವಾರದ ರಜೆಯ ಶುಕ್ರವಾರಗಳಲ್ಲಿ ಪೂಜೆ ಮುಗಿಸಿ, ಇಗರ್ಜಿಗೆ ಉಟ್ಟ ಸೀರೆಯಲ್ಲೇ ಬಂದು ಅವನ ಮಣಿಕಟ್ಟು ಹಿಡಿದು ನೋಡುತ್ತಿದ್ದಳು. ಒಂದೊಂದೇ ಸೀಸದ ಬಿಲ್ಲೆ ಹೆಚ್ಚಿಸಲು ಹೇಳುತ್ತಿದ್ದಳು. ಡೆನಿಸ್ ವಾರಕ್ಕೊಮ್ಮೆ ಏಣನ್ನು ಬೆರಳಿನಿಂದ ತಡವಿ ಪರೀಕ್ಷಿಸುತ್ತಿದ್ದ. ಐಸು ಅದನ್ನು ಸವೆಸಿರಲಿಲ್ಲ.

ಫೆಬ್ರವರಿಯ ಮೂರನೆಯ ವಾರ ಫಿದಾ ಬ್ಯಾಂಕಿನಿಂದ ನೇರವಾಗಿ ಬಂದಳು. ಹಲಗೆಯ ಮೇಲೆ ಅಷ್ಟೂ ಸೀಸವಿತ್ತು. ಅಬು ಮಿಶಾರಿ ಎದ್ದು ನಿಂತು ಪೈಪು ಹಿಡಿದು ಎಡಕ್ಕೆ ತಿರುಗಿಸಿದ. ಉಸಿರು ತೆಗೆದುಕೊಂಡು ಬಲಕ್ಕೆ ತಿರುಗಿಸಿದ. ಐಸು ಕರಕರ ಸದ್ದು ಮಾಡಿತು. ಹಲಗೆ ನಿಧಾನವಾಗಿ, ತಡೆಯದೆ, ಕೊನೆಯವರೆಗೆ ಬಂತು.

ಅವನು ಮಗಳ ಕಡೆ ನೋಡಲಿಲ್ಲ. ಮುತ್ತಲಿಬ್‌ನ ಕಡೆ ನೋಡಿ, “ಝುಬೇದಿ ಮೀನು ತಾಜಾ ಇದೆಯಾ?” ಎಂದ.

ಫಿದಾ ಡೆನಿಸ್‌ನನ್ನು ಬಾಗಿಲಾಚೆ ಕರೆದಳು. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು.

“ಈಗ ಹೇಳಿ. ತಿರುಗುತ್ತದಾ?”

ಡೆನಿಸ್ ಒದ್ದೆ ಕೈ ಒರೆಸಿಕೊಂಡ. “ರನ್ನರ್ ಐಸನ್ನು ಹಿಡಿಯುತ್ತದೆ. ಅವರ ಕೈ ಅದನ್ನು ತಿರುಗಿಸುತ್ತದೆ. ಇದೆರಡನ್ನೂ ಕಂಡಿದ್ದೇನೆ. ಆ ಬೆಟ್ಟದ ತಿರುವು ನಾನು ಕಂಡಿಲ್ಲ. ಮೊದಲ ದಿನ ಬಯಲಿನಲ್ಲಿ ಓಡಿಸಲಿ, ನೀವು ಜೊತೆಗಿರಿ. ತಿರುವಿನಲ್ಲಿ ವೇಗ ಬೇಡ, ಹಿಂಭಾಗ ಬೀಸಬಹುದು. ಟಾರಿನ ಮೇಲೆ ಹೋದರೆ ಇದೂ ಸವೆಯುತ್ತದೆ, ಬ್ರೆಡ್ಡಿಗೆ ನಡೆದುಕೊಂಡು ಹೋಗಬೇಕು.”

“ಅಂದರೆ ಹೌದು ಅಂತಲಾ?”

“ನನಗೆ ಗೊತ್ತಿರುವುದು ಇಷ್ಟು.”

ಅವಳು ಬಾಗಿಲಿನಿಂದ ಒಳಗೆ ನೋಡಿದಳು. ಒಳಗೆ ಅಪ್ಪ ಝುಬೇದಿಯ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುತ್ತಿದ್ದ. ಮೀನನ್ನು ಬಲಗೈಯಲ್ಲಿ ಹಿಡಿದಿದ್ದ. ಅವಳು ಒಳಗೆ ಹೋಗಿ ಬ್ಯಾಗಿನ ಜಿಪ್ ತೆಗೆದು, ಅಪ್ಪನ ದಿಶ್‌ದಾಶಾದ ಜೇಬಿಗೆ ಕೀಲಿಕೈ ಹಾಕಿದಳು. ಅವನು ಬೆಲೆ ಕೇಳುವುದನ್ನು ಮರೆತು ನಿಂತುಬಿಟ್ಟ.

*

ಫೆಬ್ರವರಿಯ ಕೊನೆಯಲ್ಲಿ, ಕುವೈತಿನ ರಾಷ್ಟ್ರೀಯ ದಿನದ ರಜೆಯಲ್ಲಿ ಅಬ್ಬಾಸಿಯಾದ ಫ್ಲ್ಯಾಟಿನಲ್ಲಿ ಐವಿ ತೆಂಗಿನಕಾಯಿ ತುರಿಯುತ್ತಿದ್ದಾಗ ಡೆನಿಸ್‌ನ ಫೋನು ಬಡಿದುಕೊಂಡಿತು. ಫಿದಾ, ಜಾರ್ಜಿಯಾದಿಂದ ವಿಡಿಯೊ ಕರೆ. ಪರದೆಯ ತುಂಬ ಬಿಳಿ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಅವಳ ಕೆಂಪು ಮೂಗು ಕಂಡಿತು.

“ರನ್ನರ್ ನಾನೇ ಬಿಗಿದೆ. ನಟ್ಟು ಎರಡೆರಡು ಸಲ ನೋಡಿದೆ. ನಿನ್ನೆ ಇಡೀ ದಿನ ಬಯಲಿನಲ್ಲಿ ಓಡಿಸಿದರು. ಇವತ್ತು ಮನೆಯ ಕೆಳಗಿನ ಆ ತಿರುವು. ನೀವೂ ನೋಡಿ.”

ಅವಳು ಫೋನು ತಿರುಗಿಸಿದಳು. ಇಳಿಜಾರಿನ ಮೇಲೆ ದಾರಿ ಗಟ್ಟಿಯಾಗಿ ಹೊಳೆಯುತ್ತಿತ್ತು. ದೂರದಲ್ಲಿ ಹೆಲ್ಮೆಟ್ ಹಾಕಿದ ಅಬು ಮಿಶಾರಿ, ನೆಟ್ಟಗೆ ಕುಳಿತು, ಕೆಳಗಿನ ಮರಗಳ ಕಡೆ ಹೋಗುತ್ತಿದ್ದ. ಗಾಡಿ ಚಿಕ್ಕದಾಯಿತು. ಮರಗಳ ಹಿಂದೆ ದಾರಿ ಬಳಸುವಲ್ಲಿ ಅದು ಮರೆಯಾಯಿತು. ಎಂಜಿನಿನ ಸದ್ದೂ ಕ್ಷೀಣಿಸಿತು.

ಐವಿ ತುರಿಯುವುದನ್ನು ನಿಲ್ಲಿಸಿ ಬಂದು ಡೆನಿಸ್‌ನ ಹೆಗಲ ಮೇಲಿಂದ ಬಾಗಿದಳು. ಅವಳ ಕೈಗೆ ಕಾಯಿತುರಿ ಅಂಟಿತ್ತು.

“ಎಲ್ಲಿ?” ಎಂದಳು.

“ಮರಗಳ ಹಿಂದೆ.”

ಫಿದಾಳ ಉಸಿರು ಕೇಳುತ್ತಿತ್ತು. ಪರದೆಯಲ್ಲಿ ಮರಗಳು, ಹಿಮ, ಬೂದು ಆಕಾಶ. ಯಾವುದೂ ಕದಲದೆ ಇದ್ದುದರಿಂದ ಕರೆ ಅಲ್ಲೇ ನಿಂತುಬಿಟ್ಟಿತೇನೋ ಎಂದು ಡೆನಿಸ್ ಗಾಜಿಗೆ ಬೆರಳು ತಾಗಿಸಿದ.

ಆಗ ಎರಡು ಕಾಂಡಗಳ ನಡುವೆ ಗಾಡಿಯ ದೀಪದ ಹಳದಿ ಬೆಳಕು ಕಂಡಿತು. ಮುಂದಿನ ಕಾಂಡದ ಹಿಂದೆ ಆರಿತು, ಮತ್ತೆ ಕಂಡಿತು. ಅದು ಅವಸರವಿಲ್ಲದೆ ಪಕ್ಕಕ್ಕೆ ಸರಿಯುತ್ತಾ, ಬಾಗುತ್ತಾ, ಮರಗಳ ಅಂಚಿಗೆ ಬಂದು, ಪೂರ್ತಿಯಾಗಿ ಇತ್ತ ತಿರುಗಿತು.